ರೈಫಲ್ಲಿನ ಒದೆತ ಮತ್ತು ಸ್ಟಾಕಿನ ಆಕಾರ: ನಿಮ್ಮ ಮೈಗೆ ಹೊಂದಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಎರಡು ರೈಫಲ್ ಇವೆ ಅಂದುಕೊಳ್ಳಿ. ತೂಕ ಒಂದೇ, ಹಾರಿಸುವ ಗುಂಡೂ ಒಂದೇ. ಒಂದರಲ್ಲಿ ಇಪ್ಪತ್ತು ಗುಂಡು ಹಾರಿಸಿದರೂ ಮೈ ಆರಾಮಾಗಿರುತ್ತದೆ. ಇನ್ನೊಂದರಲ್ಲಿ ಐದನೆಯ ಗುಂಡಿಗೇ ಕೆನ್ನೆ ಉರಿಯುತ್ತದೆ, ಆರನೆಯದಕ್ಕೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಹೆಚ್ಚಾಗಿ ಸ್ಟಾಕಿನಲ್ಲೇ, ಅಂದರೆ ರೈಫಲ್ಲನ್ನು ಹಿಡಿದು ಭುಜಕ್ಕೆ ಆನಿಸುವ ಮರದ ಅಥವಾ ಪ್ಲಾಸ್ಟಿಕ್ಕಿನ ಭಾಗದಲ್ಲೇ ಇರುತ್ತದೆ. ಆದರೂ ಜನ ಮೊದಲು ಹುಡುಕುವುದು ದಪ್ಪನೆಯ ರಬ್ಬರ್ ಪ್ಯಾಡ್. ಪ್ಯಾಡ್ ಬೇಡ ಅಂತಲ್ಲ, ಆದರೆ ಅದು ಕೊನೆಯ ಕೆಲಸ. ಆಕಾರ ತಪ್ಪಿದ ಸ್ಟಾಕಿಗೆ ಎಂಥ ಪ್ಯಾಡ್ ಹಾಕಿದರೂ ಕೆನ್ನೆಗೆ ಬೀಳುವ ಏಟು ನಿಲ್ಲುವುದಿಲ್ಲ.

ಈ ಬರಹದಲ್ಲಿ ಬರುವ ಪರೀಕ್ಷೆಗಳನ್ನೆಲ್ಲ ಖಾಲಿ ರೈಫಲ್ಲಿನಲ್ಲೇ ಮಾಡಬೇಕು. ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ತೆರೆಯಿರಿ, ಗುಂಡು ಕೂರುವ ಛೇಂಬರಿನೊಳಗೆ ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಖಾಲಿ ಇದ್ದರೂ ನಳಿಗೆ ಸುರಕ್ಷಿತ ದಿಕ್ಕಿನಲ್ಲೇ ಇರಬೇಕು. ಗುಂಡು ಹಾರಿಸಿ ನೋಡುವ ಭಾಗವನ್ನು ಶೂಟಿಂಗ್ ರೇಂಜಿನಲ್ಲಿ ಮಾತ್ರ, ಕಣ್ಣು ಕಿವಿ ಎರಡಕ್ಕೂ ರಕ್ಷಣೆ ಹಾಕಿಕೊಂಡು ಮಾಡಿ. ಸ್ಟಾಕ್ ಬದಲಾಯಿಸಲು ನಿಮ್ಮ ಕಡೆಯ ಕಾನೂನಿನಲ್ಲಿ ನಿರ್ಬಂಧ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ.

ಆಕಾರ ಏನನ್ನು ಬದಲಿಸುತ್ತದೆ, ಏನನ್ನು ಬದಲಿಸುವುದಿಲ್ಲ

ಗುಂಡು ಮತ್ತು ಮದ್ದಿನ ಅನಿಲ ಎಷ್ಟು ರಭಸದಿಂದ ಮುಂದೆ ಹೋಗುತ್ತವೋ ಅದಕ್ಕೆ ಸರಿಯಾಗಿ ರೈಫಲ್ ಹಿಂದೆ ಬರುತ್ತದೆ. ಇದೇ ಒದೆತ, ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬೇಟೆಗೆ ಬಳಸುವ .308 ವಿಂಚೆಸ್ಟರ್ ಎಂಬ ಗುಂಡನ್ನು ತೆಗೆದುಕೊಳ್ಳಿ. 165 ಗ್ರೇನ್, ಅಂದರೆ ಸುಮಾರು 10.7 ಗ್ರಾಂ ಗುಂಡು, ಸೆಕೆಂಡಿಗೆ 820 ಮೀಟರಿನಷ್ಟು ವೇಗ, ಜೊತೆಗೆ ಮೂರು ಗ್ರಾಂ ಹತ್ತಿರದ ಮದ್ದು. ರೈಫಲ್ 3 ಕಿಲೋ ಇದ್ದರೆ ಒದೆತದ ಶಕ್ತಿ ಸುಮಾರು 28 ಜೂಲ್ ಆಗುತ್ತದೆ. ಅದೇ 4 ಕಿಲೋ ಇದ್ದರೆ 21 ಜೂಲ್. .22 ರಿಮ್‌ಫೈರ್ ಎಂಬ ಸಣ್ಣ ಗುಂಡಿನಲ್ಲಿ ಇದು ಒಂದು ಜೂಲ್ ಕೂಡ ಇರುವುದಿಲ್ಲ. ಹಾಗಾಗಿ ಅದರಲ್ಲಿ ಸ್ಟಾಕ್ ಹೇಗಿದ್ದರೂ ನೋವಿನ ಮಾತೇ ಬರುವುದಿಲ್ಲ.

ಶಕ್ತಿ ಎಷ್ಟು ಅನ್ನುವುದನ್ನು ಗುಂಡು ಮತ್ತು ತೂಕ ನಿರ್ಧರಿಸುತ್ತವೆ. ಆ ಶಕ್ತಿ ಮೈಯ ಯಾವ ಜಾಗಕ್ಕೆ, ಯಾವ ಕೋನದಲ್ಲಿ, ಎಷ್ಟು ಅಗಲದ ಮೇಲೆ ಬಂದು ಬೀಳುತ್ತದೆ ಅನ್ನುವುದನ್ನು ಸ್ಟಾಕ್ ನಿರ್ಧರಿಸುತ್ತದೆ. ನೋವು ಹುಟ್ಟುವುದು ಈ ಎರಡನೆಯದರಲ್ಲಿ. ನಮ್ಮ ಕೈಯಲ್ಲಿರುವುದೂ ಅದೇ.

ಮುಂದೆ ಮತ್ತೆ ಮತ್ತೆ ಬರುವ ಒಂದೆರಡು ಹೆಸರುಗಳು: ಭುಜಕ್ಕೆ ತಾಗುವ ಹಿಂದಿನ ತುದಿ ಬಟ್. ಕೆನ್ನೆ ಊರುವ ಮೇಲಿನ ಅಂಚು ಕೋಂಬ್. ಟ್ರಿಗರಿನ ಹಿಂದೆ ಕೈ ಹಿಡಿಯುವ ಜಾಗ ಗ್ರಿಪ್. ಮುಂದಿನ ಕೈ ಹಿಡಿಯುವ ಜಾಗ ಫೋರೆಂಡ್.

ಹೆಜ್ಜೆ 1: ನೋವು ಎಲ್ಲಿದೆ ಎಂದು ಗುರುತಿಸಿ

ಅಳತೆ ಪಟ್ಟಿ ಹಿಡಿಯುವ ಮೊದಲು ನಿಮ್ಮ ಮೈಯನ್ನೇ ನೋಡಿಕೊಳ್ಳಿ. ಗುಂಡು ಹಾರಿಸಿದ ಮರುದಿನ ಎಲ್ಲಿ ಕೆಂಪಾಗಿದೆ, ಎಲ್ಲಿ ಮುಟ್ಟಿದರೆ ನೋಯುತ್ತದೆ?

ಭುಜದ ಹೊರಭಾಗದಲ್ಲಿ, ತೋಳಿನ ಮೂಳೆಯ ಮೇಲೆ ನೀಲಿಗಟ್ಟಿದ್ದರೆ ಸ್ಟಾಕ್ ಉದ್ದ ಜಾಸ್ತಿ ಇರಬಹುದು, ಅಥವಾ ನೀವು ಮೈಯನ್ನು ತೀರಾ ಪಕ್ಕಕ್ಕೆ ತಿರುಗಿಸಿ ನಿಲ್ಲುತ್ತಿರಬಹುದು. ಎದೆಯ ಮೇಲ್ಭಾಗದಲ್ಲಿ ಒಂದೇ ಬಿಂದುವಿಗೆ ಚುಚ್ಚಿದಂತಿದ್ದರೆ ಬಟ್ಟಿನ ಕೆಳ ತುದಿ ಮಾತ್ರ ತಾಗುತ್ತಿದೆ. ಕೊರಳೆಲುಬು ನೋಯುತ್ತಿದ್ದರೆ ಬಟ್ಟನ್ನು ತೀರಾ ಒಳಗೆ ಅಥವಾ ಮೇಲೆ ಇಟ್ಟಿದ್ದೀರಿ. ಕೆನ್ನೆಯ ಮೂಳೆ ಉರಿಯುತ್ತಿದ್ದರೆ ಕೋಂಬಿನ ಕಡೆ ನೋಡಬೇಕು. ಮಧ್ಯದ ಬೆರಳಿನ ಗೆಣ್ಣು ನೋಯುತ್ತಿದ್ದರೆ ಗ್ರಿಪ್. ಹೆಬ್ಬೆರಳು ಮೂಗಿಗೆ ಬಡಿಯುತ್ತಿದ್ದರೆ, ಅಥವಾ ಸ್ಕೋಪ್ (ಗುರಿ ನೋಡುವ ದುರ್ಬೀನು) ಹುಬ್ಬಿಗೆ ತಾಗಿದ್ದರೆ, ಸ್ಟಾಕ್ ಗಿಡ್ಡವಾಗಿದೆ.

ಇದನ್ನು ಬರೆದಿಟ್ಟುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದೇ ಇಲ್ಲ.

ಹೆಜ್ಜೆ 2: ಉದ್ದ

ಟ್ರಿಗರಿನ ನಡುವಿನಿಂದ ಬಟ್ಟಿನ ನಡುವಿನವರೆಗಿನ ದೂರವೇ ಸ್ಟಾಕಿನ ಉದ್ದ. ಕಾರ್ಖಾನೆಯಿಂದ ಬರುವ ರೈಫಲ್‌ಗಳಲ್ಲಿ ಇದು ಸಾಮಾನ್ಯವಾಗಿ 34-35 ಸೆಂಟಿಮೀಟರ್ ಇರುತ್ತದೆ. ಮಧ್ಯಮ ಎತ್ತರದ ಗಂಡಸಿಗೆ ಹೊಂದಲಿ ಎಂದು ಇಟ್ಟ ಅಳತೆ ಅದು. ಅದಕ್ಕಿಂತ ಕುಳ್ಳಗಿರುವವರಿಗೆ, ಬಹಳಷ್ಟು ಹೆಂಗಸರಿಗೆ, ಹದಿಹರೆಯದವರಿಗೆ ಉದ್ದವಾಗುತ್ತದೆ.

ಮೊಣಕೈ ಮಡಚಿ, ಬಟ್ಟನ್ನು ಅದರ ಒಳಮಡಿಕೆಗೆ ಇಟ್ಟು, ಬೆರಳು ಟ್ರಿಗರಿಗೆ ಸಿಗುತ್ತದೆಯೇ ಎಂದು ನೋಡುವ ಹಳೆಯ ಪದ್ಧತಿಯೊಂದಿದೆ. ಅದು ಮುಂಗೈ ಉದ್ದವನ್ನು ಮಾತ್ರ ಹೇಳುತ್ತದೆ. ಕತ್ತು ಎಷ್ಟು ಉದ್ದ, ಎದೆ ಎಷ್ಟು ದಪ್ಪ, ಹೇಗೆ ನಿಲ್ಲುತ್ತೀರಿ, ಇದ್ಯಾವುದೂ ಅದರಲ್ಲಿ ಸೇರುವುದಿಲ್ಲ. ಬದಲಿಗೆ ಹೀಗೆ ಮಾಡಿ: ಯಾವಾಗಲೂ ಗುಂಡು ಹಾರಿಸುವಾಗ ತೊಡುವ ಬಟ್ಟೆಯನ್ನೇ ತೊಟ್ಟು, ಖಾಲಿ ರೈಫಲ್ ಭುಜಕ್ಕೆ ಏರಿಸಿ, ಕೆನ್ನೆ ಊರಿ. ಹೆಬ್ಬೆರಳಿನ ಗೆಣ್ಣಿಗೂ ಮೂಗಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಇರಬೇಕು. ರೈಫಲ್ ಏರಿಸುವಾಗ ಬಟ್ ಕಂಕುಳಿಗೆ ಸಿಕ್ಕಿಕೊಂಡರೆ ಉದ್ದ ಜಾಸ್ತಿ. ಮೂಗು ಹೆಬ್ಬೆರಳಿಗೆ ತಾಗುವಂತಿದ್ದರೆ ಕಡಿಮೆ.

ಉದ್ದ ಜಾಸ್ತಿಯಾದಾಗ ಜನ ತಮಗೇ ಗೊತ್ತಿಲ್ಲದಂತೆ ಮೈಯನ್ನು ಹಿಂದಕ್ಕೆ ವಾಲಿಸಿ, ಬಟ್ಟನ್ನು ತೋಳಿನ ಕಡೆಗೆ ಸರಿಸುತ್ತಾರೆ. ಹಿಂದಕ್ಕೆ ವಾಲಿದ ಮೈ ಒದೆತದ ಜೊತೆ ಹದವಾಗಿ ಹಿಂದೆ ಹೋಗುವುದಿಲ್ಲ, ಆಯ ತಪ್ಪುತ್ತದೆ. ಗಿಡ್ಡ ಸ್ಟಾಕಿನ ತೊಂದರೆ ಬೇರೆ ರೀತಿಯದು. ಮುಖ ಸ್ಕೋಪಿಗೆ ಹತ್ತಿರವಾಗುತ್ತದೆ. ಬೇಟೆಯ ಸ್ಕೋಪ್‌ಗಳಲ್ಲಿ ಕಣ್ಣಿಗೂ ಗಾಜಿಗೂ ಇರಬೇಕಾದ ದೂರ ಸಾಮಾನ್ಯವಾಗಿ 8ರಿಂದ 10 ಸೆಂಟಿಮೀಟರ್. ಅದರಲ್ಲಿ ಮೂರು ಸೆಂಟಿಮೀಟರ್ ಕಳೆದುಕೊಂಡರೆ ಹುಬ್ಬಿಗೆ ಗಾಯ ಆಗಬಹುದು. ಅನುಮಾನ ಬಂದಾಗ ಒಂದು ಸೆಂಟಿಮೀಟರ್ ಗಿಡ್ಡವೇ ಇರಲಿ ಅನ್ನುವುದು ನನ್ನ ಸಲಹೆ. ಗಿಡ್ಡಕ್ಕೆ ತೆಳು ಪಟ್ಟಿ ಸೇರಿಸಿ ಉದ್ದ ಮಾಡಬಹುದು. ಉದ್ದವನ್ನು ಕಡಿಮೆ ಮಾಡಲು ಮರ ಕೊಯ್ಯಬೇಕು, ಕೊಯ್ದದ್ದು ವಾಪಸ್ ಬರುವುದಿಲ್ಲ.

ಹೆಜ್ಜೆ 3: ಬಟ್ಟಿನ ಅಗಲ ಮತ್ತು ಓರೆ

ಒಂದು ದಪ್ಪ ಪುಸ್ತಕವನ್ನು ಅಗಲವಾಗಿ ಭುಜಕ್ಕಿಟ್ಟು ಯಾರನ್ನಾದರೂ ತಳ್ಳಲು ಹೇಳಿ. ಆಮೇಲೆ ಅದೇ ಪುಸ್ತಕದ ಮೂಲೆಯನ್ನು ಇಟ್ಟು ಅಷ್ಟೇ ಜೋರಾಗಿ ತಳ್ಳಿಸಿಕೊಳ್ಳಿ. ಬಟ್ಟಿನ ವಿಷಯ ಪೂರ್ತಿ ಇಷ್ಟೇ.

4 ಸೆಂಟಿಮೀಟರ್ ಅಗಲ, 12.5 ಸೆಂಟಿಮೀಟರ್ ಎತ್ತರದ ಚಪ್ಪಟೆ ಬಟ್ ಪೂರ್ತಿಯಾಗಿ ತಾಗಿದರೆ ಸುಮಾರು 50 ಚದರ ಸೆಂಟಿಮೀಟರ್ ಜಾಗದ ಮೇಲೆ ಒದೆತ ಹಂಚಿಹೋಗುತ್ತದೆ. ಕೆಳಗಿನ ಮೂರನೇ ಒಂದು ಭಾಗ ಮಾತ್ರ ತಾಗಿದರೆ ಅದೇ ಒದೆತ ಮೂರು ಪಟ್ಟು ಒತ್ತಡವಾಗಿ ಬೀಳುತ್ತದೆ. ಕೆಳಗಿನ ಲಿವರ್ ಎಳೆದು ಗುಂಡು ತುಂಬುವ ಹಳೆಯ ಲಿವರ್ ಆಕ್ಷನ್ ರೈಫಲ್‌ಗಳಲ್ಲಿ ಅರ್ಧಚಂದ್ರದಂತೆ ಒಳಕ್ಕೆ ಬಾಗಿದ, ಕಿರಿದಾದ ಉಕ್ಕಿನ ಬಟ್ ಪ್ಲೇಟ್ ಇರುತ್ತದೆ. ಅದರ ಎರಡು ಚೂಪು ತುದಿಗಳೂ ಮೈಗೆ ಚುಚ್ಚುತ್ತವೆ. ಅದನ್ನು ಎದೆಗೂಡಿನ ಕಡೆ ಇಡುವುದಲ್ಲ, ತೋಳಿನ ಮೇಲ್ಭಾಗಕ್ಕೆ, ಬಾಗಿನೊಳಗೆ ತೋಳು ಕೂರುವಂತೆ ಇಡುತ್ತಿದ್ದರು. ಈಗಿನ ರೈಫಲ್ಲಿನಂತೆ ಭುಜದ ಗುಳಿಗೆ ಇಟ್ಟರೆ ಸಣ್ಣ ಗುಂಡಿಗೂ ನೋಯುತ್ತದೆ.

ಇನ್ನು ಓರೆ. ಬಟ್ಟಿನ ಮುಖ ನಳಿಗೆಗೆ ಸರಿಯಾಗಿ ಲಂಬವಾಗಿರುವುದಿಲ್ಲ, ಕೆಳ ತುದಿ ಸ್ವಲ್ಪ ಒಳಗೆ, ಅಂದರೆ ಟ್ರಿಗರಿನ ಕಡೆಗೆ ಸರಿದಿರುತ್ತದೆ. ಇದನ್ನು ಪಿಚ್ ಅನ್ನುತ್ತಾರೆ. ಅಳೆಯುವುದು ಸುಲಭ. ಸ್ಕೋಪ್ ತೆಗೆದ ಖಾಲಿ ರೈಫಲ್ಲನ್ನು ಗೋಡೆಯ ಪಕ್ಕ ನೆಟ್ಟಗೆ ನಿಲ್ಲಿಸಿ, ಬಟ್ ಪೂರ್ತಿಯಾಗಿ ನೆಲಕ್ಕೆ ಕೂರಲಿ. ಮೇಲ್ಭಾಗ ಗೋಡೆಯ ಕಡೆ ಇರಲಿ. ಆಕ್ಷನ್, ಅಂದರೆ ಬೋಲ್ಟ್ ಓಡಾಡುವ ಲೋಹದ ಭಾಗ, ಗೋಡೆಗೆ ತಾಗುವವರೆಗೆ ಜರುಗಿಸಿ. ಈಗ ನಳಿಗೆಯ ತುದಿ ಗೋಡೆಯಿಂದ ಎಷ್ಟು ದೂರ ಇದೆಯೋ ಅದೇ ಪಿಚ್ಚಿನ ಅಳತೆ.

ಪಿಚ್ ಕಡಿಮೆ ಇದ್ದರೆ ಕೆಳ ತುದಿ ಎದೆಗೆ ಚುಚ್ಚುತ್ತದೆ. ಎದೆ ತುಂಬಿಕೊಂಡಿರುವ ಯಾರಿಗೇ ಆದರೂ, ಗಂಡಸಿರಲಿ ಹೆಂಗಸಿರಲಿ, ಇದು ಬೇಗ ಗೊತ್ತಾಗುತ್ತದೆ. ಪಿಚ್ ಜಾಸ್ತಿಯಾದರೆ ಒದೆದಾಗ ಬಟ್ ಭುಜದ ಮೇಲೆ ಜಾರಿ ಏರಲು ನೋಡುತ್ತದೆ, ಕೋಂಬ್ ಕೆನ್ನೆಗೆ ಬಡಿಯುತ್ತದೆ. ಸರಿಯಾದ ಹದ ಕಂಡುಹಿಡಿಯಲು ಮರ ಕೊಯ್ಯಬೇಕಿಲ್ಲ. ಬಟ್ಟಿಗೂ ಪ್ಯಾಡಿಗೂ ನಡುವೆ ಮೇಲೆ ಅಥವಾ ಕೆಳಗೆ ಒಂದೆರಡು ವಾಷರ್ ಇಟ್ಟು ಸ್ಕ್ರೂ ಬಿಗಿ ಮಾಡಿ, ಏರಿಸಿ ನೋಡಿ. ಪಕ್ಕದಲ್ಲಿ ನಿಂತವರಿಗೆ ಬಟ್ಟಿನ ಮೇಲೂ ಕೆಳಗೂ ಬೆಳಕು ಕಾಣಬಾರದು. ಹೊಂದುತ್ತದೆ ಎಂದು ಖಾತ್ರಿಯಾದ ಮೇಲೆ ಆ ಕೋನಕ್ಕೆ ಬಟ್ಟನ್ನು ಸರಿಯಾಗಿ ಮಾಡಿಸಿ.

ಹೆಜ್ಜೆ 4: ಕೋಂಬ್

ಜನ ಅತಿ ಕಡಿಮೆ ನೋಡುವ, ಆದರೆ ಅತಿ ಹೆಚ್ಚು ಕಾಡುವ ಭಾಗ ಇದು. ಭುಜದಲ್ಲಿ ಮಾಂಸ ಇದೆ, ಏಟು ತಡೆಯುತ್ತದೆ. ಕೆನ್ನೆಯ ಮೂಳೆಯ ಮೇಲೆ ಇರುವುದು ತೆಳು ಚರ್ಮ ಅಷ್ಟೇ ಅಲ್ವಾ? ಜೊತೆಗೆ ಕಣ್ಣು ಅಲ್ಲೇ ಪಕ್ಕದಲ್ಲಿದೆ. ಕೆನ್ನೆಗೆ ಏಟು ಬೀಳುತ್ತದೆ ಎಂದು ಮೈಗೆ ಒಮ್ಮೆ ಗೊತ್ತಾದರೆ ಸಾಕು, ಮುಂದಿನ ಸಲ ಟ್ರಿಗರ್ ಎಳೆಯುವಾಗ ತಲೆ ತಾನಾಗಿಯೇ ಮೇಲೆದ್ದುಬಿಡುತ್ತದೆ.

ಮೊದಲು ಎತ್ತರ ನೋಡಿ. ಕಣ್ಣು ಮುಚ್ಚಿ ರೈಫಲ್ ಏರಿಸಿ, ಕೆನ್ನೆಯ ಭಾರ ಪೂರ್ತಿ ಕೋಂಬಿನ ಮೇಲೆ ಬಿಡಿ. ಈಗ ಕಣ್ಣು ತೆರೆಯಿರಿ. ಸ್ಕೋಪಿನೊಳಗೆ ಪೂರ್ತಿ ದುಂಡಗಿನ ಚಿತ್ರ ಕಾಣಬೇಕು. ಕೆಳಗಡೆ ಕಪ್ಪು ಚಂದ್ರ ಕಂಡು, ತಲೆ ಎತ್ತಿದ ಮೇಲೆ ಸರಿಯಾದರೆ ಕೋಂಬ್ ತಗ್ಗಾಗಿದೆ. ಸ್ಕೋಪಿಲ್ಲದೆ ಗುರಿ ನೋಡುವ ಕಬ್ಬಿಣದ ಸೈಟಿಗೆಂದು ಮಾಡಿದ ಸ್ಟಾಕಿನ ಮೇಲೆ ಸ್ಕೋಪ್ ಕೂರಿಸಿದಾಗ ಹೆಚ್ಚು ಕಡಿಮೆ ಯಾವಾಗಲೂ ಹೀಗೇ ಆಗುತ್ತದೆ. ಸ್ಕೋಪಿನ ನಡು ನಳಿಗೆಯ ನಡುವಿನಿಂದ ನಾಲ್ಕು ಸೆಂಟಿಮೀಟರ್ ಅಥವಾ ಇನ್ನೂ ಮೇಲಿರುತ್ತದೆ. ಆಗ ಕೆನ್ನೆ ಊರಲು ಆಗುವುದಿಲ್ಲ, ಗದ್ದ ಊರಬೇಕಾಗುತ್ತದೆ. ಕೆನ್ನೆಗೂ ಕೋಂಬಿಗೂ ನಡುವೆ ಖಾಲಿ ಜಾಗ ಇದ್ದರೆ ಕೋಂಬ್ ಅಷ್ಟು ದೂರ ಓಡಿಬಂದು ಬಡಿಯುತ್ತದೆ. ಮೊದಲೇ ಒತ್ತಿಕೊಂಡಿದ್ದರೆ ಅದು ತಳ್ಳುತ್ತದೆ, ಬಡಿಯುವುದಿಲ್ಲ.

ಎತ್ತರಕ್ಕಿಂತ ಮುಖ್ಯವಾದದ್ದು ಇಳಿಜಾರು. ರೈಫಲ್ ಹಿಂದೆ ಬರುವಾಗ ಕೆನ್ನೆ ಅಲ್ಲೇ ಇರುತ್ತದೆ. ಅಂದರೆ ಕೋಂಬಿನ ಮುಂದಿನ ಭಾಗ ಕೆನ್ನೆಯ ಕೆಳಗೆ ಬರುತ್ತದೆ. ಮುಂದಿನ ಭಾಗ ಎತ್ತರ, ಹಿಂದಿನದು ತಗ್ಗು ಇದ್ದರೆ, ಆ ಎತ್ತರ ಕೆನ್ನೆಯೊಳಕ್ಕೆ ನುಗ್ಗುತ್ತದೆ. ಮುಂದೆ ತಗ್ಗು, ಹಿಂದೆ ಎತ್ತರ ಇದ್ದರೆ ಕೋಂಬ್ ಕೆನ್ನೆಯಿಂದ ದೂರ ಜಾರುತ್ತದೆ. ಅಮೆರಿಕದ ರೈಫಲ್ ತಯಾರಕ ರಾಯ್ ವೆದರ್‌ಬಿ ತಮ್ಮ ಜೋರು ಒದೆತದ ಮ್ಯಾಗ್ನಂ ರೈಫಲ್‌ಗಳಿಗೆ ಇಂಥದೇ ಸ್ಟಾಕ್ ಕೊಟ್ಟರು. ಅವುಗಳ ಮಾಂಟೆ ಕಾರ್ಲೊ ಕೋಂಬ್, ಅಂದರೆ ಬಟ್ಟಿಗಿಂತ ಎತ್ತರಿಸಿದ ಕೋಂಬ್, ಮುಂದಕ್ಕೆ ಇಳಿಯುತ್ತಾ ಹೋಗುತ್ತದೆ. ನೋಡಲು ಹೇಗೆ ಕಂಡರೂ, ಆ ಇಳಿಜಾರು ಬರೀ ಅಲಂಕಾರಕ್ಕಲ್ಲ. ಅದು ಮಾಡುವ ಕೆಲಸ ಕೆನ್ನೆಗೆ ಗೊತ್ತಾಗುತ್ತದೆ.

ನಿಮ್ಮ ಸ್ಟಾಕಿನ ಇಳಿಜಾರನ್ನು ಮನೆಯಲ್ಲೇ ಅಳೆಯಬಹುದು. ಬೋಲ್ಟ್ ಆಕ್ಷನ್ ಆಗಿದ್ದರೆ ಬೋಲ್ಟ್ ಹೊರತೆಗೆಯಿರಿ. ನಳಿಗೆ ಸ್ವಚ್ಛ ಮಾಡುವ ನೇರವಾದ ಕಡ್ಡಿಯನ್ನು ನಳಿಗೆಯೊಳಗಿಂದ ಹಾಯಿಸಿ, ಹಿಂದೆ ಕೋಂಬಿನ ಮೇಲೆ ಚಾಚಿಕೊಳ್ಳುವಂತೆ ಬಿಡಿ. ಕಡ್ಡಿಯಿಂದ ಕೋಂಬಿನ ಮೂತಿಯವರೆಗೆ, ಅಂದರೆ ಮುಂದಿನ ತುದಿಯವರೆಗೆ ಎಷ್ಟು, ಕೋಂಬಿನ ಹಿಂದಿನ ತುದಿಯವರೆಗೆ ಎಷ್ಟು ಎಂದು ಸ್ಕೇಲ್ ಹಿಡಿದು ನೋಡಿ. ಮುಂದೆ 15 ಮಿಲಿಮೀಟರ್, 20 ಸೆಂಟಿಮೀಟರ್ ಹಿಂದೆ 30 ಮಿಲಿಮೀಟರ್ ಬಂತು ಅಂದುಕೊಳ್ಳಿ. ರೈಫಲ್ 2 ಸೆಂಟಿಮೀಟರ್ ಹಿಂದೆ ಬಂದರೆ ಕೋಂಬ್ ಒಂದೂವರೆ ಮಿಲಿಮೀಟರ್ ಕೆನ್ನೆಯೊಳಕ್ಕೆ ಏರುತ್ತದೆ. ಒಂದೂವರೆ ಮಿಲಿಮೀಟರ್ ಏನು ದೊಡ್ಡದು ಅನ್ನಿಸಬಹುದು. ಆದರೆ ಅದು ಕಣ್ಣು ಮಿಟುಕಿಸುವಷ್ಟರೊಳಗೆ, ಮೂಳೆಗೆ ಒತ್ತಿಕೊಂಡೇ ಆಗುತ್ತದೆ. ಮೇಲಕ್ಕೆ ಹಾರುವ ನಳಿಗೆ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಮುಂದೆ ಮತ್ತು ಹಿಂದೆ ಒಂದೇ ಅಳತೆ ಬಂದರೆ ಒಳ್ಳೆಯದು. ಮುಂದಿನ ಅಳತೆ ಹಿಂದಿನದಕ್ಕಿಂತ ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು.

ಸರಿಮಾಡುವುದು ಹೇಗೆ? ಕೋಂಬಿನ ಮೇಲೆ ಗಟ್ಟಿ ಫೋಮ್ ಇಟ್ಟು ಬಟ್ಟೆಯ ಟೇಪ್ ಸುತ್ತಿ. ಹಿಂದೆ ದಪ್ಪ, ಮುಂದೆ ತೆಳುವಾಗಿ ಇಡಿ, ಇಳಿಜಾರು ತಿರುಗುತ್ತದೆ. ಅಂಚು ಅಗಲವಾಗಿ, ದುಂಡಗೆ ಇರಲಿ, ತೆಳು ಅಂಚು ಕತ್ತಿಯಂತೆ ಕೊರೆಯುತ್ತದೆ. ಮೆತ್ತಗಿನ ಸ್ಪಂಜ್ ಬೇಡ, ಪ್ರತಿ ಸಲ ಕೆನ್ನೆ ಬೇರೆ ಎತ್ತರಕ್ಕೆ ಕೂರುತ್ತದೆ. ಹಿತವಾದ ಆಕಾರ ಸಿಕ್ಕ ಮೇಲೆ ಬೆಲ್ಟಿನಿಂದ ಕಟ್ಟುವ ಕೆನ್ನೆಪಟ್ಟಿ ಕೊಳ್ಳಬಹುದು, ಅಥವಾ ಏರಿಳಿಸುವ ಕೋಂಬ್ ಹಾಕಿಸಬಹುದು. ಬೋಲ್ಟ್ ಹೊರತೆಗೆಯಲು ಜಾಗ ಬೇಕು, ಅದನ್ನು ಮರೆಯಬೇಡಿ. ಕೋಂಬಿನ ಮೂತಿಯನ್ನು ತೀರಾ ಎತ್ತರಿಸಿದರೆ ಬೋಲ್ಟ್ ಬಂದು ತಾಗುತ್ತದೆ.

ಹೆಜ್ಜೆ 5: ನಳಿಗೆಯ ರೇಖೆಯಿಂದ ಬಟ್ ಎಷ್ಟು ಕೆಳಗಿದೆ

ಒದೆತ ನಳಿಗೆಯ ನೇರದಲ್ಲಿ ಹಿಂದೆ ಬರುತ್ತದೆ. ಭುಜ ಅದನ್ನು ತಡೆಯುವುದು ಅದಕ್ಕಿಂತ ಕೆಳಗೆ. ಈ ಎರಡರ ನಡುವಿನ ಅಂತರವೇ ನಳಿಗೆಯನ್ನು ಮೇಲಕ್ಕೆ ಹಾರಿಸುತ್ತದೆ. ಸಾಮಾನ್ಯ ಬೇಟೆ ರೈಫಲ್ಲಿನಲ್ಲಿ ಬಟ್ಟಿನ ನಡು ನಳಿಗೆಯ ರೇಖೆಗಿಂತ 8-9 ಸೆಂಟಿಮೀಟರ್ ಕೆಳಗಿರುತ್ತದೆ. ಹಳೆಯ ಬಾಗಿದ ಸ್ಟಾಕ್‌ಗಳಲ್ಲಿ ಇನ್ನೂ ಕೆಳಗೆ. ಅಮೆರಿಕದ ವಿನ್ಯಾಸಕ ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ರೂಪಿಸಿದ ಎಆರ್-10, ಎಆರ್-15 ರೈಫಲ್‌ಗಳಲ್ಲಿ ಬಟ್ ನೇರವಾಗಿ ನಳಿಗೆಯ ಹಿಂದೆಯೇ ಇದೆ. ಆದ್ದರಿಂದ ನಳಿಗೆ ಹೆಚ್ಚು ಹಾರುವುದಿಲ್ಲ. ಆದರೆ ಕಣ್ಣು ನಳಿಗೆಯಿಂದ ಬಹಳ ಮೇಲೆ ಬರುತ್ತದೆ, ಅದಕ್ಕೇ ಅವುಗಳ ಸೈಟ್ ಅಷ್ಟು ಎತ್ತರದಲ್ಲಿದೆ.

ನೇರ ಸ್ಟಾಕ್ ಎಲ್ಲಕ್ಕೂ ಮದ್ದಲ್ಲ. ಬಾಗಿದ ಸ್ಟಾಕಿನಲ್ಲಿ ಒಂದಷ್ಟು ಒದೆತ ನಳಿಗೆ ಹಾರುವುದರಲ್ಲಿ ಕಳೆಯುತ್ತದೆ, ನೇರ ಸ್ಟಾಕಿನಲ್ಲಿ ಪೂರ್ತಿ ಭುಜಕ್ಕೆ ಬರುತ್ತದೆ. ಆದರೂ ನಾನು ನೇರದ್ದನ್ನೇ ಆರಿಸುತ್ತೇನೆ. ಭುಜಕ್ಕೆ ಪ್ಯಾಡ್ ಹಾಕಬಹುದು. ಕೆನ್ನೆಯ ಕಡೆ ಹಾರುವ ಮರಕ್ಕೆ ಹಾಗೆ ಸುಲಭದ ಉಪಾಯ ಇಲ್ಲ.

ಸ್ಟಾಕನ್ನು ಪಕ್ಕಕ್ಕೆ ಕೊಂಚ ಬಾಗಿಸುವುದೂ ಉಂಟು. ಅದಕ್ಕೆ ಕಾಸ್ಟ್ ಅನ್ನುತ್ತಾರೆ. ಬಲಗೈಯವರಿಗೆ ಬಟ್ ಬಲಕ್ಕೆ ಕೆಲವು ಮಿಲಿಮೀಟರ್ ಸರಿದಿದ್ದರೆ ಕಣ್ಣು ಸೈಟಿನ ನೇರಕ್ಕೆ ಬರುತ್ತದೆ. ಎಡಗೈಯವರು ಅಂಥ ಸ್ಟಾಕ್ ಬಳಸಿದರೆ ಕೋಂಬ್ ಕೆನ್ನೆಯ ಕಡೆಗೇ ಬರುತ್ತದೆ. ಬೇರೆಯವರ ರೈಫಲ್ ಕೊಂಡ ಎಡಗೈಯವರು ಇದನ್ನು ಮೊದಲು ನೋಡಬೇಕು.

ಹೆಜ್ಜೆ 6: ಕೈಗಳು

ಎರಡು ಕೈಗಳೂ ಒದೆತದಲ್ಲಿ ಪಾಲು ತೆಗೆದುಕೊಳ್ಳುತ್ತವೆ, ಸ್ಟಾಕ್ ಬಿಟ್ಟುಕೊಟ್ಟರೆ. ಗ್ರಿಪ್ ಕೆಳಕ್ಕೆ ಬಾಗಿದ್ದರೆ ಕೈ ರೈಫಲ್ಲನ್ನು ಭುಜಕ್ಕೆ ಎಳೆದು ಹಿಡಿಯಬಲ್ಲದು. ನೇರವಾದ ತೆಳು ಗ್ರಿಪ್ಪಿನಲ್ಲಿ ಕೈ ಜಾರುತ್ತದೆ, ಟ್ರಿಗರ್ ಗಾರ್ಡಿನ ಹಿಂಬದಿ ಮಧ್ಯದ ಬೆರಳಿಗೆ ಹೊಡೆಯುತ್ತದೆ. ಗ್ರಿಪ್ಪಿಗೆ ರಬ್ಬರ್ ಹೊದಿಕೆ ಸುತ್ತಿ ದಪ್ಪ ಮಾಡಿದರೆ ಬಹಳ ಸಲ ಇಷ್ಟಕ್ಕೇ ನಿಲ್ಲುತ್ತದೆ. ಫೋರೆಂಡ್ ಅಂಗೈ ತುಂಬುವಷ್ಟು ಅಗಲ ಇರಲಿ, ಹಿಡಿತಕ್ಕೆ ಗೀರುಗಳಿರಲಿ.

ಹೆಜ್ಜೆ 7: ಈಗ ಪ್ಯಾಡ್ ಮತ್ತು ತೂಕ

ಒದೆತವನ್ನು ಸ್ವಲ್ಪ ಹೆಚ್ಚು ಹೊತ್ತಿನ ಮೇಲೆ ಹರಡುವುದು ಪ್ಯಾಡಿನ ಕೆಲಸ. 25 ಮಿಲಿಮೀಟರ್ ದಪ್ಪದ ಒಳ್ಳೆಯ ಮೆದು ಪ್ಯಾಡ್ ಬೇಟೆ ರೈಫಲ್ಲಿಗೆ ಸಾಕು. ಒತ್ತಿದರೆ ಬೆರಳು ಒಳಗಿಳಿಯಬೇಕು. ವರ್ಷಗಟ್ಟಲೆ ಹಳೆಯದಾಗಿ ಗಟ್ಟಿಯಾದ ರಬ್ಬರಿಗೂ ಮರಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಪ್ಯಾಡ್ ಹಾಕಿದಷ್ಟೂ ಸ್ಟಾಕ್ ಉದ್ದವಾಗುತ್ತದೆ, ಹಾಗಾಗಿ ಹೆಜ್ಜೆ 2ರ ಅಳತೆಗೆ ವಾಪಸ್ ಬರುವಂತೆ ಮರ ಕೊಯ್ಯಿಸಬೇಕು. ಪ್ಯಾಡಿನ ಮೇಲಿನ ಮೂಲೆ ದುಂಡಗಿರಲಿ, ಇಲ್ಲದಿದ್ದರೆ ಏರಿಸುವಾಗ ಅಂಗಿಗೆ ಸಿಕ್ಕಿಕೊಳ್ಳುತ್ತದೆ.

ಹಗುರ ಪ್ಲಾಸ್ಟಿಕ್ ಸ್ಟಾಕಿಗೆ ಬದಲಾಯಿಸುವವರು ಮೇಲಿನ 28 ಮತ್ತು 21 ಜೂಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಲಿ. ಹೊರುವಾಗ ಉಳಿಸಿದ ತೂಕಕ್ಕೆ ಗುಂಡು ಹಾರಿಸುವಾಗ ಭುಜ ಬೆಲೆ ತೆರಬೇಕಾಗುತ್ತದೆ. ಟೊಳ್ಳು ಸ್ಟಾಕಿಗೆ ತೂಕ ಸೇರಿಸುವುದಾದರೆ ಅಲುಗಾಡದಂತೆ ಕೂರಿಸಿ, ಮತ್ತು ಮುಂಭಾಗ ತೀರಾ ಹಗುರ ಅನ್ನಿಸದಷ್ಟೇ ಸೇರಿಸಿ.

ಹೆಜ್ಜೆ 8: ರೇಂಜಿನಲ್ಲಿ ಪರೀಕ್ಷೆ

ಮೊದಲ ಗುಂಡುಗಳನ್ನು ನಿಂತೇ ಹಾರಿಸಿ. ನಿಂತಾಗ ಮೈ ಒದೆತದ ಜೊತೆ ಹಿಂದೆ ಹೋಗುತ್ತದೆ. ಬೆಂಚಿಗೆ ಒರಗಿ ಕೂತಾಗ ಅಥವಾ ಮಲಗಿದಾಗ ಮೈ ಅಲುಗುವುದಿಲ್ಲ, ಅದೇ ರೈಫಲ್ ಜೋರಾಗಿ ಒದೆಯುತ್ತದೆ. ಮಲಗಿದಾಗ ಬಟ್ ಕೊರಳೆಲುಬಿನ ಹತ್ತಿರ ಸರಿಯುವುದರಿಂದ, ಸ್ಟಾಕ್ ಹೊಂದಿದೆಯೋ ಇಲ್ಲವೋ ಎಂದು ಮೊದಲ ದಿನವೇ ಮಲಗಿ ತೀರ್ಮಾನಿಸಬೇಡಿ.

ಭಯ ಹೋಗಿದೆಯೇ ಎಂದು ತಿಳಿಯಲು ಜೊತೆಗಾರರ ಸಹಾಯ ಬೇಕು. ಅವರು ನಿಮಗೆ ಕಾಣದಂತೆ ನಿಜವಾದ ಗುಂಡುಗಳ ನಡುವೆ ಸಿಡಿಯದ ಡಮ್ಮಿ ಗುಂಡು ಸೇರಿಸಲಿ. ಡಮ್ಮಿ ಬಂದಾಗ ನಳಿಗೆ ಕೆಳಕ್ಕೆ ಕುಕ್ಕಿದರೆ, ಭುಜ ಮುಂದೆ ನುಗ್ಗಿದರೆ, ಮೈ ಇನ್ನೂ ಏಟನ್ನು ಕಾಯುತ್ತಿದೆ. ಎರಡು ಪದರ ಕಿವಿ ರಕ್ಷಣೆ, ಅಂದರೆ ಒಳಗೆ ಪ್ಲಗ್, ಮೇಲೆ ಮಫ್, ಹಾಕಿ ನೋಡಿ. ನೋವೆಂದು ಅಂದುಕೊಂಡದ್ದರಲ್ಲಿ ಒಂದಷ್ಟು ಬರೀ ಶಬ್ದದ ಹೆದರಿಕೆಯೇ ಆಗಿರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ, ಸ್ವಲ್ಪವೇ ಗುಂಡು. ಮರುದಿನ ಮತ್ತೆ ಹೆಜ್ಜೆ 1ರ ಪಟ್ಟಿ ತೆಗೆದು ಯಾವ ಜಾಗದ ನೋವು ಹೋಯಿತು, ಯಾವುದು ಉಳಿಯಿತು ಎಂದು ಬರೆಯಿರಿ. ಸ್ಟಾಕ್ ಬಿಚ್ಚಿ ಹಾಕಿದ್ದರೆ ಆಕ್ಷನ್ ಸ್ಕ್ರೂಗಳನ್ನು ತಯಾರಕರು ಹೇಳಿದಷ್ಟೇ ಬಿಗಿ ಮಾಡಿ. ಆಕ್ಷನ್ನಿನ ಅಡಿಯಲ್ಲಿ ಒದೆತವನ್ನು ಸ್ಟಾಕಿಗೆ ದಾಟಿಸುವ ರೀಕಾಯಿಲ್ ಲಗ್ ಮರಕ್ಕೆ ಸರಿಯಾಗಿ ಒರಗಿ ಕೂರದಿದ್ದರೆ ಒದೆತಕ್ಕೆ ಗ್ರಿಪ್ಪಿನ ಹತ್ತಿರ ಸ್ಟಾಕ್ ಸೀಳಬಹುದು. ಅಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಗುಂಡು ಹಾರಿಸುವುದನ್ನು ನಿಲ್ಲಿಸಿ, ಕೋವಿ ರಿಪೇರಿ ಬಲ್ಲವರಿಗೆ ತೋರಿಸಿ. ಉದ್ದ ಅಥವಾ ಕೋಂಬ್ ಬದಲಾದ ಮೇಲೆ ಕಣ್ಣಿನ ಜಾಗವೂ ಬದಲಾಗಿರುತ್ತದೆ. ಆದ್ದರಿಂದ ಸ್ಕೋಪನ್ನು ಹಿಂದೆ ಮುಂದೆ ಸರಿಸಿ ಕಣ್ಣಿನ ದೂರ ಹೊಂದಿಸಿ, ಆಮೇಲೆ ಹೊಸದಾಗಿ ಜೀರೋ ಮಾಡಿ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿ.